ಮೊಬೈಲಿನೊಳಗಿನ ಗರುಡ

ಮೊದಲ ಸಲ ನಮ್ಮತ್ತೆ ಕಾಂತಾಬಾಯಿ ನನ್ನ ಮೊಬೈಲಿಗೆ ಕೈಮುಗಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೊಟ್ಟೆ ಹಿಡಿಯದೆ ನಗುವಂತೆಯೂ ಇರಲಿಲ್ಲ ಬಿಡಿ, ಆಪರೇಶನ್ನಿನ ಹೊಲಿಗೆ ಕೀವಾಗಿ ಸಣ್ಣಗೆ ಕೆಮ್ಮಿದರೂ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಆ ಕೈಮುಗಿತವೇ ಮುಂದೆ ನನ್ನ ಕೂಸಿನ ಕುತ್ತಿಗೆಗೆ ಬರುತ್ತದೆಂದು ಗೊತ್ತಿದ್ದರೆ ನಗುತ್ತಿರಲಿಲ್ಲ.

ಹೆರಿಗೆಗೆಂದು ಭಾಲ್ಕಿಯ ತವರಿಗೆ ಹೋದವಳಿಗೆ ಏಳು ತಿಂಗಳು ತುಂಬುವುದರೊಳಗೇ ನೀರು ಒಡೆಯಿತು. ಬೀದರಿನ ದವಾಖಾನೆಗೆ ತಂದು ಹೊಟ್ಟೆ ಕೊಯ್ದು ಎರಡು ಹೆಣ್ಣುಕೂಸು ತೆಗೆದರು. ನಮ್ಮವ್ವ ಕಾಲು ಮುರಿದುಕೊಂಡು ಭಾಲ್ಕಿಯಲ್ಲಿ ಪ್ಲಾಸ್ಟರು ಹಾಕಿಸಿಕೊಂಡು ಮಲಗಿದ್ದಳು. ಹಾಗಾಗಿ ಔರಾದ ಕಡೆಯ ಹಳ್ಳಿಯಿಂದ, ಕುರಿಗಳನ್ನು ಮೈದುನನಿಗೆ ಒಪ್ಪಿಸಿ, ಅತ್ತೆ ಬಂದರು. ನನ್ನ ಗಂಡ ಜ್ಞಾನೇಶ್ವರ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಬಿಡಾರ ಹೂಡಿದ್ದ. ತಾಯಂದಿರು ಎದೆ ತೆರೆದು ಕೂರುವ ವಾರ್ಡು ಅದು, ಗಂಡಸರನ್ನು ಒಳಗೆ ಬಿಡುತ್ತಿರಲಿಲ್ಲ.

ಕೂಸುಗಳಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ದೊಡ್ಡಾಕಿ, ಸಣ್ಣಾಕಿ ಅನ್ನುತ್ತಿದ್ದೆವು. ದೊಡ್ಡಾಕಿ ಅಂದರೆ ಭಾರೀ ದೊಡ್ಡವಳೇನಲ್ಲ, ಬೊಗಸೆ ತುಂಬುತ್ತಿದ್ದಳು. ಸಣ್ಣಾಕಿಗೆ ಒಂದು ಅಂಗೈ ಸಾಕಾಗುತ್ತಿತ್ತು. ಅವಳಿಗೆ ರೋಗವೇನೂ ಇರಲಿಲ್ಲ, ಉಸಿರಾಡುವುದನ್ನು ಮರೆಯುತ್ತಿದ್ದಳು. ಬಿಸಿ ಕೊಡುವ ಗಾಜಿನ ಯಂತ್ರದೊಳಗೆ ಸುಮ್ಮನೆ ಮಲಗಿದ್ದವಳು ಹಾಗೇ ನಿಂತುಬಿಡುತ್ತಿದ್ದಳು, ತುಟಿ ನೇರಳೆಯಾಗುತ್ತಿತ್ತು, ಯಂತ್ರ ಕಿರುಚುತ್ತಿತ್ತು. ಸುಸನ್ನಾ ಸಿಸ್ಟರು ಓಡಿ ಬಂದು ಅಂಗಾಲಿಗೆ ಬೆರಳಿನಿಂದ ಚಿಟಿಕೆ ಹೊಡೆದಾಗ ಮತ್ತೆ ಎದೆ ಏಳುತ್ತಿತ್ತು.

ಈ ಸಿಸ್ಟರಮ್ಮನ ತಾಯಿಯೂ ಮಿಶನ್ ದವಾಖಾನೆಯಲ್ಲಿ ನರ್ಸಾಗಿದ್ದಳಂತೆ. ಬಾಯಲ್ಲಿ ಯೇಸುವಿನ ಹೆಸರು, ಕಣ್ಣಲ್ಲಿ ಮಾತ್ರ ಹೆಡ್ ಮಾಸ್ತರರ ಗದರಿಕೆ. ಒಂದು ದಿನ ಸಣ್ಣಾಕಿಯನ್ನು ಬಟ್ಟೆಯಿಲ್ಲದೆ ನನ್ನ ಎದೆಗೆ ಒತ್ತಿ, ಮೇಲೆ ಸೀರೆಯಿಂದ ಬಿಗಿದು ಕಟ್ಟಿದಳು. ಆವತ್ತು ಕೂಸು ಒಮ್ಮೆಯೂ ಉಸಿರು ಮರೆಯಲಿಲ್ಲ.

"ಮಶೀನಿನಾಗ ಬರೇ ಬಿಸಿ ಸಿಗ್ತದಮ್ಮ," ಅಂದಳು ಸುಸನ್ನಾ. "ಉಸಿರಾಡು ಅಂತ ನೆನಪ ಮಾಡಿಕೊಡ್ಲಿಕ್ಕ ಮನಷಾರ ಎದಿನೇ ಬೇಕು."

ಆದರೆ ನನಗಿದ್ದದ್ದು ಒಂದೇ ಎದೆ. ಅದೂ ಜ್ವರ ಹಿಡಿದದ್ದು. ಇಬ್ಬರನ್ನೂ ಒಟ್ಟಿಗೆ ಕಟ್ಟಿಕೊಂಡ ದಿನ ಹೊಲಿಗೆ ಬಿಚ್ಚಿಕೊಂಡಿತು. ನಾನು ಹಾಲು ಹಿಂಡುವಾಗ, ಪಟ್ಟಿ ಕಟ್ಟಿಸಿಕೊಳ್ಳುವಾಗ, ಜ್ವರದಲ್ಲಿ ಬಿದ್ದಾಗ ಸಣ್ಣಾಕಿ ಮತ್ತೆ ಯಂತ್ರದೊಳಗೆ ಹೋಗಬೇಕಿತ್ತು. ಹೋದಾಗಲೆಲ್ಲ ನೇರಳೆಯಾಗುತ್ತಿದ್ದಳು. ಹೀಗೇ ನಡೆದರೆ ಒಂದು ಸಲ ಚಿಟಿಕೆಗೂ ಏಳುವುದಿಲ್ಲ, ಮನೆಯವರು ಯಾರಾದರೂ ಎದೆಗೆ ಹಾಕಿಕೊಳ್ಳಲೇಬೇಕು ಎಂದು ಡಾಕ್ಟರು ಹೇಳಿ ಹೋದರು.

ಮನೆಯವರು ಅಂದರೆ ಅತ್ತೆಯೊಬ್ಬರೇ. ದೊಡ್ಡಾಕಿಯನ್ನು ಅವರು ಖುಷಿಯಿಂದಲೇ ಕಟ್ಟಿಕೊಂಡು ಕೂರುತ್ತಿದ್ದರು, ಗುನುಗುತ್ತಿದ್ದರು, ಮೂಗು ನನ್ನ ಮಗನದೇ ಅಂತ ಬೀಗುತ್ತಿದ್ದರು. ಸಣ್ಣಾಕಿಯ ಕಡೆ ಮಾತ್ರ ಮುಖ ತಿರುಗಿಸಿಯೂ ನೋಡುತ್ತಿರಲಿಲ್ಲ. ನಾನು ಕಾಲು ಹಿಡಿಯುವುದೊಂದು ಬಾಕಿಯಿತ್ತು. ಕೊನೆಗೆ ಅದನ್ನೂ ಮಾಡಿದೆ. ಆಗ ಅವರು ಗೋಡೆ ನೋಡುತ್ತಾ ಹೇಳಿದರು, ಜ್ಞಾನೇಶ್ವರನಿಗಿಂತ ಮೊದಲು ಅವರಿಗೊಂದು ಹೆಣ್ಣು ಹುಟ್ಟಿತ್ತಂತೆ, ಇಂಥದ್ದೇ ಏಳು ತಿಂಗಳಿನದು. ಕುರಿಯ ಉಣ್ಣೆಯಲ್ಲಿ ಸುತ್ತಿ ಎದೆಗೆ ಇಟ್ಟುಕೊಂಡು ಸಾಕಿದರಂತೆ. ಅವರ ದನಿ ಕೇಳಿದರೆ ಕತ್ತು ಹೊರಳಿಸುವಷ್ಟು ದಿನ ಇದ್ದು, ಒಂದು ನಸುಕಿನಲ್ಲಿ ಎದೆಯ ಮೇಲೇ ತಣ್ಣಗಾಯಿತಂತೆ.

"ಹೋಗೋ ಜೀವಕ್ಕ ಮಾಯಾ ಹಚ್ಕೋಬಾರ್ದವ್ವ," ಅಂದರು. "ಇನ್ನೊಂದ್ ಸಲ ನನ್ನ ಕೈಲಿ ಆಗಂಗಿಲ್ಲ."

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ, ತವರಿನಲ್ಲಿ ಶೀತಲ ಅಂತ ಹೆಸರಿಟ್ಟವರು ಆಮೇಲೆ ಪಶ್ಚಾತ್ತಾಪ ಪಟ್ಟಿದ್ದಾರೆ. ಆವತ್ತು ಮಾತ್ರ ಅವರ ಕಾಲು ಬಿಟ್ಟು ಎದ್ದು, ಸಣ್ಣಾಕಿಯನ್ನು ನಾನೇ ಮತ್ತೆ ಎದೆಗೆ ಕಟ್ಟಿಕೊಂಡೆ.

ಇನ್ನು ಆ ಹಕ್ಕಿಯ ಸಂಗತಿ. ಪಕ್ಕದ ಮಂಚದ ಶಮೀಮಳಿಗೆ ಡಿಸ್ಚಾರ್ಜ್ ಆಗುವ ದಿನ, ಹಾಲು ಹಿಂಡುತ್ತಾ ಕೂತಾಗ ಬೇಜಾರು ಕಳೆಯಲಿ ಎಂದು ನನ್ನ ಮೊಬೈಲಿನಲ್ಲಿ ಒಂದು ಚಾನೆಲ್ಲು ಹಚ್ಚಿಕೊಟ್ಟು ಹೋದಳು. ಅಮೇರಿಕದ ಯಾವುದೋ ಬೆಟ್ಟದ ಮರದ ತುದಿಯಲ್ಲಿ ಮಂಚದಷ್ಟು ಅಗಲದ ಗೂಡು, ಅದಕ್ಕೊಂದು ಕ್ಯಾಮೆರಾ. ಬಿಳಿ ತಲೆ, ಹಳದಿ ಕೊಕ್ಕು, ಕಂದು ಮೈಯ ದೊಡ್ಡ ಹಕ್ಕಿ, ಅದರ ಹೊಟ್ಟೆಯ ಕೆಳಗೆ ಬೂದಿ ಬಣ್ಣದ ಎರಡು ಮರಿ. ನಮಗೆ ದೀಪ ಹಚ್ಚುವ ಹೊತ್ತಿಗೆ ಅಲ್ಲಿ ಬೆಳಗಾಗುತ್ತಿತ್ತು, ನಮ್ಮ ಬೆಳಗಿಗೆ ಅಲ್ಲಿ ಸಂಜೆ. ಹಗಲೂ ರಾತ್ರಿ ಗಾಳಿಯ ಸದ್ದು, ಜಗತ್ತಿನ ಸಾವಿರಾರು ಜನ ಕೂತು ನೋಡುತ್ತಿದ್ದರು. ಎರಡು ಮರಿ ಕಂಡದ್ದೇ ನನ್ನ ಜೀವ ಅಲ್ಲಿಗೆ ಹೋಗಿ ಅಂಟಿಕೊಂಡಿತು. ಅದರಲ್ಲೂ ಒಂದು ಸಣ್ಣದು.

ಅದನ್ನೇ ಅತ್ತೆ ನೋಡಿದ್ದು. ನೋಡಿದವರೇ ಸೆರಗು ತಲೆಗೆ ಎಳೆದುಕೊಂಡು, ಎರಡೂ ಗಲ್ಲ ಮುಟ್ಟಿಕೊಂಡು, "ಗರುಡಪ್ಪಾ" ಎಂದು ಮೊಬೈಲಿಗೆ ಕೈಮುಗಿದರು. ಕುರಿ ಕಾಯುವವರ ಲೆಕ್ಕ ಸರಳ. ತಲೆ ಮಣ್ಣಿನ ಬಣ್ಣದ್ದಾದರೆ ಹದ್ದು, ಮರಿ ಎತ್ತೊಯ್ಯುತ್ತದೆ, ಕಲ್ಲು ಬೀಸಬೇಕು. ತಲೆ ಬೆಳ್ಳಗಿದ್ದರೆ ಗರುಡ, ನಿಂತು ಗಲ್ಲ ಬಡಿದುಕೊಳ್ಳಬೇಕು. ಇದು ಬೇರೆ ಜಾತಿಯದು, ಮೀನು ತಿನ್ನುವ ಪರದೇಶದ ಹಕ್ಕಿ ಎಂದು ನಾನೂ ಹೇಳಿದೆ, ಸಿಸ್ಟರೂ ಹೇಳಿದಳು. ದೇವರು ಅಮೇರಿಕಕ್ಕೆ ಹೋಗಬಾರದು ಅಂತ ಕಾನೂನು ಅದ ಏನು ಅಂತ ಅವರು ಕೇಳಿದರು. ಅಲ್ಲಿಂದ ದಿನಾ ಸಂಜೆ ಕೈಕಾಲು ತೊಳೆದು ಬಂದು ದರ್ಶನ ಮಾಡತೊಡಗಿದರು.

ದರ್ಶನ ನನಗೆ ಮುಳುವಾಯಿತು. ಆ ಗೂಡಿನಲ್ಲಿ ನಡೆಯುತ್ತಿದ್ದದ್ದು ಕಣ್ಣಿಂದ ನೋಡುವಂಥದ್ದಲ್ಲ. ದೊಡ್ಡ ಮರಿ ಸಣ್ಣದರ ಕುತ್ತಿಗೆಗೆ ಕುಕ್ಕುತ್ತಿತ್ತು. ಸಣ್ಣದು ತಲೆ ಹುಲ್ಲಿಗೆ ಒತ್ತಿಕೊಂಡು ಸತ್ತಂತೆ ಬೀಳುತ್ತಿತ್ತು. ತಾಯಿ ಅನ್ನಿಸಿಕೊಂಡಾಕೆ ಬಿಡಿಸುವುದಿರಲಿ, ಕೊಕ್ಕು ಎತ್ತಿದ ಮರಿಗೆ ಮೀನಿನ ತುಣುಕು ಕೊಟ್ಟು, ಬಿದ್ದದ್ದರ ಪಕ್ಕದಲ್ಲೇ ನಿಂತು ಗಾಳಿ ನೋಡುತ್ತಿದ್ದಳು. ಏನೇ ರಂಡೆ, ಕಣ್ಣು ಕಾಣಸೂದಿಲ್ಲೇನು ನಿನಗ ಎಂದು ನಾನು ಮೊಬೈಲಿಗೆ ಬೈದೆ. ಅತ್ತೆ ನನ್ನ ಬಾಯಿ ಮುಚ್ಚಿಸಿದರು. ನೋಡು, ಗರುಡನೇ ಸಣ್ಣದನ್ನು ಕೈಬಿಟ್ಟಿದ್ದಾನೆ, ಅವನಿಗೆ ಗೊತ್ತಿರುತ್ತದೆ, ನೀನೂ ಮನಸ್ಸು ಗಟ್ಟಿ ಮಾಡಿಕೋ ಎಂದರು. ಆವತ್ತು ಸಣ್ಣಾಕಿ ಯಂತ್ರದಲ್ಲಿ ಮೂರು ಸಲ ನಿಂತಳು.

ಅಲ್ಲಿಂದ ನನಗೆ ಆ ಮರಿಯೂ ಬದುಕಬೇಕಾಯಿತು. ಸಿಸ್ಟರು ಯೇಸುವಿಗೆ ಹೇಳಿಕೊಳ್ಳುವಾಗ ಅದನ್ನೂ ಸೇರಿಸಿಕೋ ಎಂದೆ. ಅವಳು ಗದರಲಿಲ್ಲ.

ಒಂದು ಸಂಜೆ ಗಂಡು ಹಕ್ಕಿ ದೊಡ್ಡ ಮೀನು ತಂದು ಹಾಕಿತು. ದೊಡ್ಡ ಮರಿ ಆಗಲೇ ಹೊಟ್ಟೆ ಬಿರಿಯುವಂತೆ ತಿಂದು ಮಲಗಿತ್ತು. ಸಣ್ಣದು ಕತ್ತು ಅಲುಗಿಸುತ್ತಾ ಎದ್ದು ಕೊಕ್ಕು ತೆರೆಯಿತು. ತಾಯಿ ಬಗ್ಗಿ ಒಂದು ತುಣುಕು ಕೊಟ್ಟಳು, ಇನ್ನೊಂದು ಕೊಟ್ಟಳು, ಕೊಡುತ್ತಲೇ ಹೋದಳು. ಮರಿಯ ಗಂಟಲ ಕೆಳಗೆ ಸಂಚಿಯಂತೆ ಉಬ್ಬಿತು. ಅತ್ತೆ ಎದ್ದು ಹೋಗಿ ಸಾಬೂನು ಹಚ್ಚಿ ಕೈ ತೊಳೆದು ಬಂದು, ಕುಪ್ಪಸದ ಗುಂಡಿ ಬಿಚ್ಚುತ್ತಾ ಕುರ್ಚಿಯಲ್ಲಿ ಕೂತರು.

"ಸಣ್ಣಾಕಿಗಿ ತರ್ರಿ," ಅಂದರು ಸುಸನ್ನಾಳಿಗೆ.

ಆ ರಾತ್ರಿ ನಾನು ಬಾಣಂತಿಯಾದ ಮೇಲೆ ಮೊದಲ ಸಲ ನಿದ್ದೆ ಮಾಡಿದೆ. ದಿನಗಳು ನೆಟ್ಟಗಾದವು. ಯಂತ್ರ ಸುಮ್ಮನಿತ್ತು. ಆದರೆ ಅತ್ತೆಯ ಕರಾರು ಒಂದಿತ್ತು, ಮೊದಲು ದರ್ಶನ, ಸಣ್ಣ ಮರಿ ಉಂಡದ್ದು ಕಣ್ಣಾರೆ ಕಾಣಬೇಕು, ಆಮೇಲೆ ಕೂಸು. ಒಂದು ದಿನ ನೆಟ್‌ವರ್ಕು ಕೈಕೊಟ್ಟಿತು. ಅದು ಬರುವವರೆಗೆ ಅವರು ಕೂಸಿನ ಹತ್ತಿರವೂ ಸುಳಿಯಲಿಲ್ಲ.

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ, ಅತ್ತೆ ಚಹಾ ತರಲು ಹೊರಗೆ ಹೋದಾಗ, ಮೊಬೈಲು ತೆರೆದೆ. ಅಲ್ಲಿ ಮಂಜು ಬಿದ್ದಿತ್ತು. ತಾಯಿ ಹಕ್ಕಿ ಗೂಡಿನ ನಡುವೆ ದೊಡ್ಡ ಮರಿಯನ್ನು ಹೊಟ್ಟೆಗೆ ಎಳೆದುಕೊಂಡು ಕೂತಿತ್ತು. ಸಣ್ಣದು ಅಂಚಿನಲ್ಲಿ ಕಾಲು ಚಾಚಿ ಬಿದ್ದಿತ್ತು, ಮೈ ತೊಯ್ದು ಚಿಂದಿಯಂತಾಗಿತ್ತು. ತಾಯಿ ಎದ್ದು ಬಂದು ಕೊಕ್ಕಿನಿಂದ ಅದನ್ನು ಮೆಲ್ಲಗೆ ಹೊರಳಿಸಿದಳು. ಒಂದು ಮೀನಿನ ತುಣುಕನ್ನು ಅದರ ಬಾಯಿಯ ಹತ್ತಿರ ಹಿಡಿದು ಬಹಳ ಹೊತ್ತು ನಿಂತಳು. ಆಮೇಲೆ ಒಣ ಹುಲ್ಲು ಎಳೆದು ಅದರ ಮೇಲೆ ಹಾಕಿದಳು. ಅವಳನ್ನು ಬೈದ ನನ್ನ ಬಾಯಿಗೆ ಬೆಂಕಿ ಬೀಳಲಿ ಅನ್ನಿಸಿತು. ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ, ಹೊಲಿಗೆ ಚುರುಚುರು ಎಂದಿತು.

ಸಂಜೆಗೆ ಅತ್ತೆ ದರ್ಶನಕ್ಕೆ ಬರುತ್ತಾರೆ, ನೋಡುತ್ತಾರೆ, ಇನ್ನು ಕೂಸನ್ನು ಕಟ್ಟಿಕೊಳ್ಳುವುದಿಲ್ಲ. ಬೇರೆ ಏನೂ ನನಗೆ ಹೊಳೆಯಲಿಲ್ಲ. ವಿಡಿಯೋದ ಕೆಳಗಿನ ಕೆಂಪು ಗೆರೆಯನ್ನು ಬೆರಳಿನಿಂದ ಹಿಂದಕ್ಕೆ ಎಳೆದೆ, ಎಳೆಯುತ್ತಾ ಹೋದೆ. ಮಂಜು ಹೋಯಿತು, ಬಿಸಿಲು ಬಂತು, ಸತ್ತ ಮರಿ ಎದ್ದು ಬಾಯಿ ತೆರೆಯಿತು. ಅದನ್ನೇ ಸಂಜೆ ಅತ್ತೆಯ ಕೈಗಿಟ್ಟೆ. ಅವರು ಗಲ್ಲ ಮುಟ್ಟಿಕೊಂಡು, ಉಂಡಿತು ಅಂತ ಸಮಾಧಾನಪಟ್ಟು, ಕೂಸನ್ನು ಕಟ್ಟಿಕೊಂಡರು.

ದಿನಾ ಹೀಗೇ. ಚಾನೆಲ್ಲಿನ ಹಳೆಯ ವಿಡಿಯೋಗಳಲ್ಲಿ ಸಣ್ಣದು ಹೊಟ್ಟೆ ತುಂಬ ಉಂಡ ಹೊತ್ತು ಎಷ್ಟಿದ್ದೀತು? ಹುಡುಕಿ ಹುಡುಕಿ ಬರಿದಾಯಿತು. ಮುಗಿದ ಮೇಲೆ ಮೊದಲಿನದನ್ನೇ ಮತ್ತೆ ತೋರಿಸಿದೆ. ಇವತ್ತೂ ಅಂಥದ್ದೇ ಮೀನು ಸಿಕ್ಕಿತಾ ಅಂತ ಅತ್ತೆ ಕೇಳಿದಾಗ ಹೂಂ ಅಂದು ಮೊಬೈಲನ್ನು ಬೇಗ ತೆಗೆದಿಟ್ಟೆ. ಗೇಟಿನ ಹತ್ತಿರ ಜ್ಞಾನೇಶ್ವರನಿಗೆ ಹೇಳಿದರೆ, ಅವ್ವನಿಗೆ ಸುಳ್ಳು ಹೇಳಬಾರದು, ನಾಳೆ ಗೊತ್ತಾದರೆ ಏನು ಗತಿ ಎಂದ. ನಾಳೆಯವರೆಗೆ ಕೂಸು ಇರಬೇಕಲ್ಲ, ಆಮೇಲೆ ನಿನ್ನ ನ್ಯಾಯ ಎಂದು ಬೈದು ಒಳಗೆ ಬಂದೆ. ಅವನು ಗೇಟಿನ ಸರಳು ಹಿಡಿದು ನಿಂತೇ ಇದ್ದ.

ಮತ್ತೊಂದು ಸಂಜೆ ದರ್ಶನ ಮುಗಿದಿರಲಿಲ್ಲ, ವಿಡಿಯೋ ಓಡುತ್ತಿತ್ತು. ಅವತ್ತು ಸಣ್ಣಾಕಿ ಆಗಲೇ ಅತ್ತೆಯ ಎದೆಯ ಮೇಲಿದ್ದಳು, ಮಧ್ಯಾಹ್ನ ನನಗೆ ಜ್ವರ ಏರಿದ್ದರಿಂದ ದರ್ಶನ ಕಾಯದೆ ಸಿಸ್ಟರು ಬೇಗ ಕಟ್ಟಿದ್ದಳು. ಪಟ್ಟಿ ಕಟ್ಟಿಸಿಕೊಳ್ಳಲು ಸುಸನ್ನಾ ಕರೆದಳು. ಮೊಬೈಲು ಅತ್ತೆಯ ಕೈಯಲ್ಲೇ ಬಿಟ್ಟು ಹೋದೆ. ಗಾಯಕ್ಕೆ ಔಷಧ ಬಿದ್ದು ಉರಿ ನೆತ್ತಿಗೆ ಹತ್ತಿದಾಗ ತಟ್ಟನೆ ನೆನಪಾಯಿತು, ಎಲ್ಲಾದರೂ ಅವರ ಹೆಬ್ಬೆರಳು ತಾಗಿದರೆ ಅದು ಗೂಡಿನ ಈಗಿನ ನೇರ ಚಿತ್ರಕ್ಕೆ ಜಿಗಿದುಬಿಡುತ್ತದೆ. ಅರ್ಧ ಪಟ್ಟಿಯಲ್ಲೇ ಎದ್ದೆ. ಸುಸನ್ನಾ ಕೂಗುತ್ತಾ ಹಿಂದೆಯೇ ಬಂದಳು.

ಅತ್ತೆಯ ತೊಡೆಯ ಮೇಲೆ ಮೊಬೈಲು ಬಿದ್ದಿತ್ತು. ಗೂಡಿನಲ್ಲಿ ಒಂದೇ ಮರಿ ನಿಂತಿತ್ತು, ಕಪ್ಪು ಪುಕ್ಕ ಬಂದದ್ದು. ಗಾಳಿ ಹೋ ಎಂದು ಬೀಸುತ್ತಿತ್ತು.

"ಯಾವಾಗ ಹೋತು ಅದು?" ಅಂದರು.

ಇನ್ನು ಸುಳ್ಳಿಗೆ ಜಾಗವಿರಲಿಲ್ಲ. "ಅಮಾಸಿ ಮರುದಿನಾರಿ ಅತ್ತಿ," ಎಂದೆ. ಆಮೇಲೆ ಬಾಯಿಗೆ ಬಂದದ್ದೆಲ್ಲ ಹೇಳಿದೆ. ನನ್ನ ಮುಖ ನೋಡಬೇಡಿ, ನನ್ನನ್ನು ಮನೆಗೆ ಸೇರಿಸಬೇಡಿ, ಕೂಸನ್ನು ಮಾತ್ರ ಬಿಚ್ಚಬೇಡಿ, ಇವತ್ತೊಂದು ದಿನ ಬಿಚ್ಚಬೇಡಿ ಎಂದೆ. ಅವರು ಕೇಳಿಸಿಕೊಂಡರೋ ಇಲ್ಲವೋ, ಕೈ ಸೀರೆಯ ಗಂಟಿಗೆ ಹೋಯಿತು. ನಾನು ಆ ಕೈಯನ್ನು ಎರಡೂ ಕೈಯಿಂದ ಹಿಡಿದೆ. ಅವರು ಕೊಡವಿದರು. ಗಂಟನ್ನು ಎಳೆದು ಇನ್ನೂ ಬಿಗಿ ಮಾಡಿದರು.

"ಅದು ಸತ್ತು ವಾರ ಆತು," ಅಂದರು. "ಇದು ಯಾರ ಮ್ಯಾಲ ಬದುಕ್ಯಾದ ಮತ್ತ ವಾರದ ತನಕ? ಅದು ಗರುಡ ಅಲ್ಲ. ಹದ್ದು ಅದ."

ಆಗಲೇ ನಾನು ನೋಡಿದ್ದು, ಸೀರೆಯ ಅಂಚಿನಿಂದ ಹೊರಗಿದ್ದ ಸಣ್ಣಾಕಿಯ ತುಟಿ ನೇರಳೆಯಾಗಿತ್ತು. ಎದೆಯ ಮೇಲಿದ್ದೂ ಅವಳು ನಿಂತದ್ದು ಅದೇ ಮೊದಲು. ಅತ್ತೆ ಅಂಗಾಲಿಗೆ ಚಿಟಿಕೆ ಹೊಡೆದರು. ಏನೂ ಆಗಲಿಲ್ಲ. ಮತ್ತೆ ಹೊಡೆದರು. ಸುಸನ್ನಾ ಕೈ ಚಾಚಿದರೂ ಅವರು ಕೊಡಲಿಲ್ಲ, ಬೆನ್ನು ಉಜ್ಜುತ್ತಾ ಕಿವಿಯನ್ನು ಕೂಸಿನ ಮೂಗಿಗೆ ಒತ್ತಿದರು.

"ಮೊದಲ ಆ ಹದ್ದಿಗಿ ಬಂದ್ ಮಾಡು," ಅಂದರು ನನಗೆ. "ಅದರ ಗಾಳಿ ಸಪ್ಪಳದಾಗ ನನ್ನ ಕೂಸಿನ ಉಸಿರು ಕೇಳಸವಲ್ದು."

ನಾನು ಬಂದ್ ಮಾಡಿದೆ. ಮೂವರೂ ಬಗ್ಗಿ ಕಿವಿಗೊಟ್ಟೆವು. ಸೀರೆಯೊಳಗಿಂದ ಒಂದು ಸಣ್ಣ ಬಿಕ್ಕು ಬಂತು, ಸ್ವಲ್ಪ ತಡೆದು ಇನ್ನೊಂದು. ಅತ್ತೆ ಕಣ್ಣು ಒರೆಸಿಕೊಳ್ಳಲಿಲ್ಲ, ಕೈ ಕೂಸಿನ ಬೆನ್ನ ಮೇಲಿತ್ತು. ಪಟ್ಟಿ ಪೂರ್ತಿ ಕಟ್ಟಿಸಿಕೊಂಡು ಬಾ, ನಾ ಅದೀನಿ ಎಂದರು.