ಮಾರ್ಗೆಡ್ ಹೇಳಿದ ಮೂರು ಹೆಸರು

"ಅತ್ತೆ, ಉಸಿರಾಡ್ತಿದಾನಾ?"

ಮಾರ್ಗೆಡ್ ಬಗ್ಗಿ, ಒಲೆಯ ಪಕ್ಕ, ಕಪಾಟಿನಿಂದ ಕಳಚಿ ಉಣ್ಣೆ ಹಾಸಿದ ಡ್ರಾಯರಿನಲ್ಲಿ ಮಲಗಿದ್ದ ಮೊಮ್ಮಗನ ಮೂಗಿಗೆ ಕೆನ್ನೆ ತಾಗಿಸಿದಳು. ಉಸಿರಿತ್ತು, ಇದ್ದೂ ಇಲ್ಲದ ಹಾಗೆ. ದಿನ ತುಂಬುವ ಮೊದಲೇ ಆ ಬೆಳಗ್ಗೆ ಹುಟ್ಟಿದ ಕೂಸು, ತುಟಿ ನೀಲಿಗಟ್ಟಿತ್ತು. ಮಗ ಇದ್ವಾಲ್ ಡಾಕ್ಟರನ್ನು ಕರೆತರಲು ಕುದುರೆ ಹತ್ತಿ ಹೋದವನು ಇನ್ನೂ ಬಂದಿರಲಿಲ್ಲ. ಕಿಟಕಿಯಾಚೆ ಹಿಮ ಸುಮ್ಮನೆ ಇಳಿಯುತ್ತಿತ್ತು. ಬೇಲಿ ಹೋಯಿತು, ಕೊಟ್ಟಿಗೆ ಹೋಯಿತು, ತೈವಿ ಹೊಳೆಯೂ ಹೋಯಿತು. ಲೋಕವೆಲ್ಲ ಹಾಲಿನಲ್ಲಿ ಮುಳುಗಿ ಈ ಅಡುಗೆಮನೆಯೊಂದೇ ತೇಲುತ್ತಿರುವಂತೆ ಮಾರ್ಗೆಡ್‌ಗೆ ಅನಿಸಿತು.

"ಅವನಿಗೆ ದೀಕ್ಷಾಸ್ನಾನ ಮಾಡಿ ಅತ್ತೆ. ನನ್ನ ಕೈ ಏಳ್ತಿಲ್ಲ," ಎಂದಳು ಒಲೆಯಾಚೆ ಮಲಗಿದ್ದ ಸೊಸೆ ಮೋರಾ, ಜ್ವರದ ಕಣ್ಣು ಬಿಡದೆಯೇ.

"ಮಂಜು ಕರಗಲಿ. ನಮ್ಮ ಪಾದ್ರಿ ಚಾಪೆಲಲ್ಲಿ ಮಾಡ್ತಾರೆ."

"ಅಲ್ಲೀವರೆಗೆ ಇರ್ತಾನಾ?"

ಹುಟ್ಟುವ ಮಕ್ಕಳು ಅತ್ತೆಮನೆಯ ಚಾಪೆಲಿಗೆ ಎಂದು ಮದುವೆಗೆ ಮುಂಚೆಯೇ ಮಾತಾಗಿತ್ತು. ದೇವರು ಒಬ್ಬನೇ, ಯೇಸು ದೊಡ್ಡವನು, ಆದರೂ ಮನುಷ್ಯನೇ ಎನ್ನುವ ಯೂನಿಟೇರಿಯನ್ನರ ಚಾಪೆಲು ಅದು. ಇಂಥ ನಂಬಿಕೆಯವರೇ ತುಂಬಿದ ಆ ಕಣಿವೆಯನ್ನು ಸುತ್ತಲಿನ ಊರಿನವರು ಕರಿಚುಕ್ಕೆ ಎಂದೇ ಹಳಿಯುತ್ತಿದ್ದರು. ಮೋರಾ ಐರ್ಲೆಂಡಿನ ಕ್ಯಾಥೊಲಿಕ್ ಹುಡುಗಿ; ಪಿತ, ಸುತ, ಪವಿತ್ರಾತ್ಮ ಮೂವರೂ ಸೇರಿ ಒಬ್ಬನೇ ದೇವರು ಎಂದು ನಂಬಿದವಳು. "ನಿಮ್ಮ ದೇವರಿಗೆ ಮೂರು ತಟ್ಟೆ ತೊಳೀಬೇಕಲ್ಲೇ" ಎಂದು ಅತ್ತೆ ಚುಚ್ಚಿದರೆ, "ಪಾಪ, ನಿಮ್ಮೋನು ಒಬ್ನೇ ಕೂತು ಉಣ್ಬೇಕು" ಎಂದು ಸೊಸೆ ತಿರುಗೇಟು ಕೊಡುತ್ತಿದ್ದಳು. ಇವತ್ತು ಇಬ್ಬರಿಗೂ ಅದು ನೆನಪಾಗಲಿಲ್ಲ.

"ದೀಕ್ಷೆ ಇಲ್ದೆ ಹೋದ್ರೆ ಅವನನ್ನ ಸ್ವರ್ಗದ ಹೊರಗೇ ಇಟ್ಬಿಡ್ತಾರೆ."

"ಮೊಲೆ ಹಿಡಿಯದ ಕೂಸನ್ನ ಹೊರಗಿಡೋ ದೇವರು ಅದೆಂಥ ದೇವರೇ, ಮಗಳೇ?"

"ನಂಗೊತ್ತಿಲ್ಲ. ಭಯ ಆಗುತ್ತೆ. ಯಾರು ಮಾಡಿದ್ರೂ ಸಲ್ಲುತ್ತಂತೆ, ನಂಬದೋರು ಮಾಡಿದ್ರೂ. ಮೂರು ಹೆಸರು ಮಾತ್ರ ಬಿಡಬಾರದು."

ಆ ಮೂರನ್ನು ಒಂದೆಂದು ಒಪ್ಪಲಾರೆವೆಂದೇ ಮಾರ್ಗೆಡ್‌ಳ ಅಜ್ಜ ಅಜ್ಜಿ ಚಾಪೆಲು ಕಳೆದುಕೊಂಡಿದ್ದರು. ಜಮೀನ್ದಾರ ಬೀಗ ಜಡಿದಾಗ ರಸ್ತೆಬದಿಯಲ್ಲಿ ನಿಂತು ಪ್ರಾರ್ಥಿಸಿದ ಜನ. ಮಾರ್ಗೆಡ್ ಬಹಳ ಹೊತ್ತು ನೀರಿನ ಕೆಟಲನ್ನೇ ನೋಡಿದಳು. ಆಮೇಲೆ ಬಟ್ಟಲಿಗೆ ಉಗುರುಬೆಚ್ಚಗಿನ ನೀರು ಬಗ್ಗಿಸಿಕೊಂಡು ಬಂದು ಮಂಡಿಯೂರಿದಳು.

"ಪಿತನ," ಎಂದು ಹಣೆಗೆ ನೀರು ಬಿಟ್ಟಳು. ಎರಡನೆಯ ಹೆಸರಿಗೆ ನಾಲಿಗೆ ತೊಡರಿತು. ಮೋರಾಳ ಕಣ್ಣು ತೆರೆದಿತ್ತು. "ಸುತನ," ಎಂದಳು, "ಪವಿತ್ರಾತ್ಮರ ನಾಮದಲ್ಲಿ."

ಆಕಾಶವೇನೂ ಕಳಚಿ ಬೀಳಲಿಲ್ಲ. ಮೋರಾ ನಿದ್ದೆ ಹೋದಳು. ಸಂಜೆ ಡಾಕ್ಟರು ಬಂದರು.

ಮಗು ಉಳಿಯಿತು. ಮಾರ್ಗೆಡ್ ಆ ವಿಷಯವನ್ನು ಮಗನಿಗೂ ಹೇಳಲಿಲ್ಲ. ಸೊಸೆಯೂ ಎತ್ತಲಿಲ್ಲ. ಒಮ್ಮೊಮ್ಮೆ ಅದೆಲ್ಲ ಹಿಮದಲ್ಲಿ ಕಂಡ ಕನಸೇನೋ ಎನಿಸುತ್ತಿತ್ತು. ಆದರೆ ಮೋರಾ ಒಂದು ಮಾತು ಆಡಿದರೆ ಸಾಕು, ಮೊಮ್ಮಗ ಕ್ಯಾಥೊಲಿಕ್‌ರವನಾಗಿಬಿಡುತ್ತಾನೆ ಎಂಬ ದಿಗಿಲು ಮಾತ್ರ ಕನಸಾಗಿರಲಿಲ್ಲ.

ವಸಂತ ಬಂತು. ಚಾಪೆಲಿನಲ್ಲಿ ಎಲ್ಲರ ಮುಂದೆ ಪಾದ್ರಿ ದೀಕ್ಷೆಗೆಂದು ಮಗುವನ್ನು ಎತ್ತಿಕೊಂಡು ಮೆಲ್ಲಗೆ ಕೇಳಿದರು: "ಬೇರೆ ಕಡೆ ದೀಕ್ಷೆ ಏನಾದ್ರೂ ಆಗಿದ್ಯೇನಮ್ಮ?"

ಮಾರ್ಗೆಡ್ ಬಾಯಿ ತೆರೆದಳು. ದೇವರ ಮನೆಯಲ್ಲಿ ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ.

"ಇಲ್ಲ," ಎಂದಳು ಮೋರಾ.

ಅದರ ಮರು ಶನಿವಾರ ಮೋರಾ ಕೋಟು ತೊಟ್ಟು ನಿಂತಳು. "ಪೇಟೆಗೆ ಹೋಗ್ಬೇಕು ಅತ್ತೆ. ಫಾದರ್ ಹತ್ರ ಪಾಪ ಹೇಳ್ಕೋಬೇಕು. ಸುಳ್ಳು ಹೇಳಿದ್ನಲ್ಲ."

"ಮೂರು ಹೆಸರಿನ ವಿಷಯಾನೂ ಹೇಳ್ತೀಯಾ?"

"ಅದು ಪಾಪ ಅಲ್ವಲ್ಲ."

ಮಾರ್ಗೆಡ್ ತಾನೂ ಶಾಲು ಹೊದ್ದು ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಿದಳು. ಸೊಸೆ ಕ್ಯಾಥೊಲಿಕ್ ಚರ್ಚಿನ ಒಳಗೆ ಹೋದಳು. ಅತ್ತೆ ಹೊರಗಿನ ಮೆಟ್ಟಿಲ ಮೇಲೆ ಕೂತಳು. ಅವಳ ಮತದಲ್ಲಿ ಪಾಪ ಹೇಳಿಕೊಳ್ಳಲು ಫಾದರೂ ಇಲ್ಲ, ಮರೆಯ ಪರದೆಯೂ ಇಲ್ಲ. ಇರುವ ದೇವರೊಬ್ಬನಿಗೇ ಹೇಳೋಣವೆಂದು ಕಣ್ಣು ಮುಚ್ಚಿದಳು. ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಬಿಸಿಲು ಜರುಗಿ ಮಗುವಿನ ಮುಖಕ್ಕೆ ಬಂತು. ಅದು ಮುಖ ಸಿಂಡರಿಸಿತು. ಮಾರ್ಗೆಡ್ ಅಂಗೈ ಅಡ್ಡ ಹಿಡಿದು ನೆರಳು ಮಾಡಿದಳು. ಒಳಗೆ ಮೋರಾ ಬಹಳ ಹೊತ್ತು ಮಾಡಿದಳು. ಕೈ ನೋಯತೊಡಗಿದರೂ ಮಾರ್ಗೆಡ್ ಅದನ್ನು ಇಳಿಸಲಿಲ್ಲ.