ಎರಡು ಕಡೆಯಿಂದ ಕೊರೆದ ತೂತು

ಕೂದಲು ಕಡಿಯಿತು.

ಬೈರಿಗೆ ತಿರುಗಿಸುವ ಬಿಲ್ಲು ಕೈಯಲ್ಲೇ ಸಡಿಲವಾಯಿತು. ವಾಮದೇವಪ್ಪ ಉಸಿರು ಬಿಡದೆ, ಬೈರಿಗೆಯ ಮೊನೆ ಮುರಿದು ಒಳಗೆ ಉಳಿಯಿತೇ ಎಂದು ಬೆರಳಿನಲ್ಲೇ ವಿಚಾರಿಸಿದ. ಇಲ್ಲ. ಕಡಿದದ್ದು ಬಿಲ್ಲಿನ ಹೆದೆ. ಹೆದೆ ಎಂದರೆ ಅವನ ಹೆಂಡತಿ ಶಾಂತಕುಮಾರಿಯ ತಲೆಯ ಮೂರೆಳೆ ಕೂದಲು, ಹೊಸೆದದ್ದು.

ಕಿಟಕಿಯ ಕೆಳಗೆ, ಹಿಡಿ ತಿರುವಿ ಬಿಗಿಯುವ ವೈಸು ಕಚ್ಚಿಕೊಂಡಿದ್ದದ್ದು ಒಂದಂಗುಲದ ಹಿತ್ತಾಳೆ ಸಲಾಕೆ. ಮಕ್ತುಮ್ ಸಾಬನ ಕ್ಲಾರಿಯೊನೆಟ್ಟಿನ ಒಂದು ಕೀಲಿ ಕೂರುವ ನಳಿಗೆ ಸೀಳಿತ್ತು. ಅದರ ಬದಲಿಗೆ ಇದು. ಇದರೊಳಗೆ ಆ ತುದಿಯಿಂದ ಈ ತುದಿಗೆ ಸೂಜಿ ಹಾಯುವಷ್ಟು ತೂತು ಬೀಳಬೇಕು. ಅಷ್ಟುದ್ದ ಒಂದೇ ಕಡೆಯಿಂದ ಕೊರೆಯಹೋದರೆ ಬೈರಿಗೆ ದಾರಿ ತಪ್ಪಿ ಪಕ್ಕೆ ಒಡೆದು ಬರುತ್ತದೆ. ಈ ಕಡೆಯಿಂದ ಅರ್ಧ, ತಿರುಗಿಸಿ ಆ ಕಡೆಯಿಂದ ಅರ್ಧ. ಈ ಕಡೆಯದು ಅರ್ಧಕ್ಕಿಂತ ತುಸು ಹೆಚ್ಚೇ ಆಗಿತ್ತು, ಈಗ ಆ ಕಡೆಯದು. ನಡುವೆ ಎರಡೂ ಕೂಡಬೇಕು. ಕೂಡಿದಾಗ ಬೆರಳಿಗೆ ಒಂದು ಸಣ್ಣ ಜಗ್ಗು ಸಿಗುತ್ತದೆ, ಮೀನು ಗಾಳ ಮುಟ್ಟಿದ ಹಾಗೆ.

ಬಿ.ಎಸ್ಸಿ. ಓದಿ ಹರಿಹರದ ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳ ರಿಪೇರಿ ಕೋಣೆ ಸೇರಿದವನು ಅವನು. ಅಲ್ಲಿನ ಯಂತ್ರಗಳು ತೊಲೆಯಲ್ಲಿ ಬಾವಿ ತೋಡುತ್ತವೆ, ಸಾಸಿವೆಯಲ್ಲಿ ತೋಡಲಾರವು. ಅದಕ್ಕೇ ಭಾನುವಾರ, ಆನೆಕೊಂಡದ ಮನೆಯಲ್ಲಿ, ಈ ಬಿಲ್ಲು.

ಬೈರಿಗೆಯೂ ಹೆಂಡತಿಯ ಕೊಡುಗೆಯೇ. ಸೂಜಿ ಮಾರುವ ಕೊಟ್ರವ್ವ ಬುಟ್ಟಿ ಹೊತ್ತು ಬೀದಿಗೆ ಬಂದರೆ ಶಾಂತಕುಮಾರಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟ ಬಾಚಣಿಗೆಯ ಕೂದಲು ಕೊಟ್ಟು ಸೂಜಿ ಪಡೆಯುತ್ತಿದ್ದಳು. ಆ ಸೂಜಿಯ ಮೊನೆ ತೇಯ್ದು ಇವನು ಬೈರಿಗೆ ಮಾಡುತ್ತಿದ್ದ. ‘ಹೆಂಡ್ತಿ ತಲೆಗೂದ್ಲಾಗೆ ಕಸುಬು ಮಾಡೋ ಗಂಡನ್ನ ನಾ ಎಲ್ಲೂ ಕಂಡಿಲ್ಲವ್ವ’ ಎಂದು ಕೊಟ್ರವ್ವ ನಗಿಸಿದ್ದೂ ಇತ್ತು. ಆಗ ಈ ಮನೆಯಲ್ಲಿ ನಗು ಇತ್ತು.

ಅವನು ಒಳಗೆ ಹೋದ. ಅವಳು ಟ್ರಂಕಿಗೆ ಸೀರೆ ಮಡಿಸಿ ಇಡುತ್ತಿದ್ದಳು.

“ಒಂದ್ನಾಕು ಕೂದ್ಲು ಬೇಕಿತ್ತು.”

“ಗೋಡೆ ಸಂದ್ಯಾಗೆ ಅದಾವೆ ನೋಡ್ರಿ.”

“ಅವು ಒಣಗ್ಯಾವೆ. ಕಡೀತಾವೆ.”

ಅವಳು ತುರುಬು ಬಿಚ್ಚಿ, ಕಿವಿಯ ಹಿಂದಿನಿಂದ ಐದಾರು ಎಳೆ ಕಿತ್ತು ಕೊಟ್ಟಳು. ಮುಖ ಕಿವುಚಲಿಲ್ಲ.

“ಹನ್ನೆರಡರ ಗಾಡಿಗೆ ಹರಿಹರಕ್ಕೆ ಹೊಂಟೀನಿ. ಅಣ್ಣ ಸ್ಟೇಷನ್ನಿಗೆ ಬರ್ತಾನೆ.”

“ಒಳ್ಳೇದಾತು.”

“ಯಾವಾಗ ಬರ್ತೀ ಅಂತ ಕೇಳಾಂಗಿಲ್ಲೇನ್ರಿ?”

“ಯಾವಾಗ?”

ಅವಳು ಸೀರೆಯ ಮೇಲೆ ಒಂದು ಕುಲಾವಿ ಇಟ್ಟಳು. ಅಂಗೈಯಷ್ಟು ಕೆಂಪು ಕುಲಾವಿ. ಅವನು ಕೈಯಲ್ಲಿದ್ದ ಕೂದಲನ್ನು ಎಣಿಸಿದ.

ಕೂಸು ಐದು ತಿಂಗಳು ಬದುಕಿತ್ತು. ಹುಟ್ಟಿದ್ದು ಅವನ ತಾಯಿ ತೀರಿದ ಮಾರನೆಯ ವರ್ಷ, ಹಾಗಾಗಿ ತಾಯಿಯ ಹೆಸರನ್ನೇ ಇಟ್ಟರು. ತೊಟ್ಟಿಲ ದಿನ ಸೋದರತ್ತೆ ಕಿವಿಯಲ್ಲಿ ಮೂರು ಸಲ ಹೇಳಿದ್ದೇ ಸೈ. ಹೆತ್ತವ್ವನ ಹೆಸರು ಹಿಡಿದು ಮಗ ಕೂಗುವುದುಂಟೆ? ಅತ್ತೆಯ ಹೆಸರನ್ನು ಸೊಸೆ ಬಾಯಿಗೆ ತರುವುದುಂಟೆ? ಅವಳು ‘ಕೂಸು’ ಎನ್ನುತ್ತಿದ್ದಳು. ಅವನು ‘ಅದು’ ಎನ್ನುತ್ತಿದ್ದ. ಶ್ರಾವಣದಲ್ಲಿ ಎರಡು ದಿನದ ಜ್ವರ. ಮಣ್ಣು ಮಾಡಿ ಬಂದಮೇಲೆ ‘ಅದು’ ಎನ್ನುವುದನ್ನೂ ಬಿಟ್ಟ.

“ನಾನು ಹೇಳಾಂಗಿಲ್ಲ, ಅತ್ತೆ ಹೆಸರು,” ಎಂದಳು ಶಾಂತಕುಮಾರಿ, ಟ್ರಂಕಿನ ಕಡೆಗೇ ನೋಡುತ್ತ. “ನೀವಾರ ಒಂದ್ಸಲ ಹೆಸರು ಹಿಡಿದು ಕರೀರಿ. ಅದೂ ಒಂದು ಮನುಷಾ ಆಗಿತ್ತು ಅಂತ ನಂಗೆ ಕೇಳಿಸ್ಲಿ. ಟ್ರಂಕು ಬಿಚ್ತೀನಿ. ಗಾಡಿ ಹೋದ್ರೆ ಹೋಗ್ಲಿ.”

ಕಟ್ಟುಕಟ್ಟಳೆಗಳನ್ನು ಅವನು ನಂಬುತ್ತಿರಲಿಲ್ಲ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವುಗಳ ಮೇಲೆ ಭಾಷಣ ಬಿಗಿದದ್ದೂ ಉಂಟು. ಬಾಯಿ ತೆರೆದ. ಹೆಸರು ನಾಲಿಗೆಯ ಬುಡಕ್ಕೆ ಬಂತು. ಅದರ ಹಿಂದೆ ತಾಯಿಯ ಮುಖ ಬಂತು, ಅದರ ಹಿಂದೆ ಮೊಳದುದ್ದದ ಒಂದು ಕುಣಿ.

“ಇನ್ನೊಂದು ನೂಲಿನಷ್ಟು ಉಳಿದೈತೆ,” ಎಂದ. “ಇದೊಂದು ಮುಗೀಲಿ.”

ಹೊಸ ಹೆದೆ ಹೊಸೆದು ಬಿಲ್ಲಿಗೆ ಬಿಗಿದ. ಬೈರಿಗೆಯ ಸುತ್ತ ಒಂದು ಸುತ್ತು ಹಾಕಿ ಎಳೆದ. ಹಿಂದಕ್ಕೆ, ಮುಂದಕ್ಕೆ. ಬಾಗಿಲಲ್ಲಿ ಅವಳು ನಿಂತಿರುವುದು ಬೆನ್ನಿಗೆ ತಿಳಿಯುತ್ತಿತ್ತು. ಈ ಒಂದು ಎಳೆತ ಆಗಲಿ, ಆಮೇಲೆ ತಿರುಗುತ್ತೇನೆ ಎಂದುಕೊಂಡ. ಇನ್ನೊಂದು. ಇನ್ನೊಂದು. ಜಟಕಾ ಬಂದು ನಿಂತ ಸದ್ದು. ಟ್ರಂಕು ಎತ್ತಿದ ಸದ್ದು. ತಿರುಗಿದಾಗ ಬಾಗಿಲಲ್ಲಿ ಬರೀ ಬಿಸಿಲಿತ್ತು.

ಹನ್ನೆರಡರ ಗಾಡಿ ಸಿಳ್ಳೆ ಹಾಕಿತು. ಬೆರಳು ಜಗ್ಗಿಗಾಗಿ ಕಾಯುತ್ತಿತ್ತು. ಜಗ್ಗು ಸಿಗಲಿಲ್ಲ. ಬೈರಿಗೆ ಅರ್ಧ ದಾಟಿತು. ಕೊರೆಯುತ್ತಲೇ ಹೋದ.

ನಾಲ್ಕು ಗಂಟೆಗೆ ಮಕ್ತುಮ್ ಸಾಬ್ ಬಂದ. ಒಂಬತ್ತು ತಿಂಗಳು ನಾಟಕ ಕಂಪನಿಯ ಜೊತೆ ಊರೂರು ಅಲೆದು ಮೊನ್ನೆ ತಿರುಗಿ ಬಂದವನು. ನಿನ್ನೆ ಕಾರ್ಖಾನೆಯ ಗೇಟಿನಲ್ಲೇ ವಾದ್ಯ ಕೊಟ್ಟು ಓಡಿದ್ದ.

“ಸಲಾಮ್ರಿ ವಾಮದೇವಪ್ಪಾರೆ! ನನ್ ಪೀಪಿ ಬದುಕೈತೋ, ಸತ್ತೈತೋ? ಸಂಜೀಗೆ ದಿಬ್ಬಣ ಐತ್ರಿ. ಇದಿಲ್ಲಾಂದ್ರೆ ಮದುವಣಿಗನ್ನೇ ಹಿಡಕೊಂಡು ಊದಬೇಕು.”

“ಕೂಡ್ರಿ ಸಾಬ್ರೆ.”

ಸಾಬ್ ಕೂತು ಒಳಗೆ ಇಣುಕಿದ. “ಮನೆ ಯಾಕ ತಣ್ಣಗೈತೆ? ಎಲ್ರಿ ನಮ್ಮ ಮರುಳಸಿದ್ದಮ್ಮ? ತೊಟ್ಲ ದಿನ ಊದಿದಾವ ನಾನೇ, ಮರ್ತಿಲ್ಲ. ಈಗ ಅಂಬೆಗಾಲು ಇಡ್ತಾಳೇನೋ!”

ಸೊಪ್ಪು ಮಾರುವವಳು ಬೀದಿಯಲ್ಲಿ ಕೂಗಿದಷ್ಟು ಸಲೀಸಾಗಿ ಹೆಸರು ಮನೆಯೊಳಗೆ ಬಂತು. ಏನೂ ಆಗಲಿಲ್ಲ. ಗೋಡೆಯ ಸಂದಿಯಲ್ಲಿ ಕೂದಲಿನ ಉಂಡೆ ಹಾಗೇ ಇತ್ತು.

“ಹರಿಹರಕ್ಕೆ ಹೋಗೈತೆ,” ಎಂದ ವಾಮದೇವಪ್ಪ. “ಅವರವ್ವನ ಜೊತೆ.”

“ಹೌದಾ? ಯಾವಾಗ ಬರ್ತಾಳ್ರಿ?”

ಅವನು ವೈಸು ಸಡಿಲಿಸಿ ಸಲಾಕೆ ತೆಗೆದ. ಊದಿದ. ಕಿಟಕಿಯ ಬೆಳಕಿಗೆ ಹಿಡಿದು ಈ ತುದಿಯಿಂದ ನೋಡಿದ. ಕತ್ತಲೆ. ಆ ತುದಿಯಿಂದ ನೋಡಿದ. ಕತ್ತಲೆ.

ಉಳಿದಿದ್ದ ಕೂದಲಲ್ಲಿ ಒಂದನ್ನು ಮಡಿಸಿ ಹೊಸೆದು, ಎಂಜಲು ಹಚ್ಚಿ ಈ ಕಡೆಯಿಂದ ತೂರಿಸಿದ. ಅರ್ಧ ದಾಟಿ ಹೋಯಿತು. ಇನ್ನೊಂದನ್ನು ಆ ಕಡೆಯಿಂದ. ಅದೂ ಅರ್ಧ ದಾಟಿತು. ಒಂದನ್ನು ತಿರುವಿದ, ಇನ್ನೊಂದು ಮಿಸುಕಲಿಲ್ಲ. ಒಳಗೆ ಎರಡೂ ತೂತು ಕೂಡದೆ ಮಗ್ಗುಲಿಗೆ ಮಗ್ಗುಲಾಗಿ ಹಾಯ್ದು ಹೋಗಿದ್ದವು. ನಡುವಿನ ಗೋಡೆ ಒಂದೆಳೆಯಷ್ಟೂ ದಪ್ಪವಿರಲಾರದು.

“ಆತೇನ್ರಿ?” ಎಂದ ಮಕ್ತುಮ್ ಸಾಬ್.

ವಾಮದೇವಪ್ಪನ ಅಂಗೈಯಲ್ಲಿ ಹಿತ್ತಾಳೆಯ ತುಂಡು. ಎರಡೂ ತುದಿಯಿಂದ ಹೊರಗೆ ಚಾಚಿದ ಕಪ್ಪು ಕೂದಲು ಅವನ ಉಸಿರಿಗೆ ಅಲುಗುತ್ತಿತ್ತು.