ಗೆರೆಯ ಆಚೆಗಿನ ಬಟ್ಟೆ

ಇಪ್ಪತ್ತೆರಡು ವರ್ಷ ಆ ಗಾರ್ಮೆಂಟ್ಸಿನಲ್ಲಿ ಕಟಿಂಗ್ ಮಾಸ್ಟರ್ ಹೇಳಿದ್ದೇ ವೇದವಾಕ್ಯವಾಗಿತ್ತು. ನೂರು ಪದರ ಬಟ್ಟೆ ಹಾಸಿ, ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಮೆಷಿನ್ನಿನ ಅಲಗಿಗೆ ಒಡ್ಡಿದರೆ ನೂರು ಅಂಗಿಯ ತೋಳು ಒಂದೇ ಅಳತೆಯಲ್ಲಿ ಬರಬೇಕು. ಅವನ ಕೈಯಲ್ಲಿ ಬರುತ್ತಿತ್ತು. ಮಾಲೀಕರೂ ಅವನೆದುರು ದನಿ ಏರಿಸುತ್ತಿರಲಿಲ್ಲ. ಅವನ ಕಾಲಂತೂ ನೆಲದ ಮೇಲೆ ನಿಲ್ಲುತ್ತಿರಲಿಲ್ಲ ಬಿಡಿ.

ಒಂದು ಮಂಗಳವಾರ ಎಲ್ಲ ಮುಗಿಯಿತು. ಅಲಗಿನ ಮುಂದೆ ಕೈಯಿಡುವವರು ಸ್ಟೀಲ್ ಎಳೆಯ ಕೈಗವಸು ಹಾಕಬೇಕು. ಹಾಕಿದರೆ ಕೆಳಗಿನ ಪದರ ಜಾರಿದ್ದು ಬೆರಳಿಗೆ ತಿಳಿಯುವುದಿಲ್ಲ. ಹಾಗಾಗಿ ಕಲಿಯುವವರು ಹಾಕಿಕೊಂಡಿರುತ್ತಾರೆ, ಪಳಗಿದವರು ಕಳಚಿಡುತ್ತಾರೆ. ಅವತ್ತಿನದು ನುಣುಪು ಬಟ್ಟೆ. ಮಾಸ್ಟರ್ ಕಳಚಿಟ್ಟ. ಬಲಗೈಯ ಮೂರು ಬೆರಳು ಹೋದವು.

ಆಸ್ಪತ್ರೆಗೆ ಬಂದ ಮಾಲೀಕರು ಹೊರಡುವಾಗ ಬಾಗಿಲ ಬಳಿ ನಿಂತು, "ನಂಬರ್ ಅಂಟಿಸೋ ಕೆಲಸ ಖಾಲಿ ಇದೆ ಮಾಸ್ಟರ್. ತಿಂಗಳ ಕೊನೆಯೊಳಗೆ ಹೇಳಿ" ಅಂದರು. ಕತ್ತರಿಸಿದ ತುಂಡುಗಳಿಗೆ ಉಗುರಿನಷ್ಟು ಚೀಟಿ ಅಂಟಿಸುವ ಕೆಲಸ. ಹೊಸದಾಗಿ ಸೇರಿದವರಿಗೆ ಕೊಡುವುದು ಅದನ್ನೇ. ಕಟಿಂಗ್ ಟೇಬಲ್ಲಿಗೆ ಆಗಲೇ ಅವನ ಬಾಮೈದನನ್ನು ಹಾಕಿದ್ದರು, ಇವನೇ ಕಲಿಸಿದವನನ್ನು.

ಮನೆಗೆ ಬಂದ ಮಾಸ್ಟರ್ ಗೋಡೆಗೆ ಮುಖ ಮಾಡಿ ಮಲಗಿದ. "ಅಲ್ಲಿಗೆ ಕಾಲಿಡೋದಕ್ಕಿಂತ ಸಾಯೋದೇ ಮೇಲು" ಅಂದ. ಬರೀ ಬಾಯಿಮಾತಲ್ಲವೆಂದು ಹೆಂಡತಿಗೆ ಗೊತ್ತಾಯಿತು. ನೋವಿನ ಮಾತ್ರೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ತಿಂಗಳ ಕೊನೆಯ ಭಾನುವಾರ ಅವಳೇ ಹೋಗಿ ಮೊಂಡಣ್ಣನನ್ನು ಕರೆತಂದಳು. ಮಾಸ್ಟರಿಗಿಂತ ಮುಂಚೆ ಆ ಟೇಬಲ್ಲಿನಲ್ಲಿದ್ದವನು ಅವನು. ನಾಲ್ಕು ಬೆರಳು ಕಳೆದುಕೊಂಡು, ಈಗ ಬೀದಿಯ ಮೂಲೆಯಲ್ಲಿ ಗುಂಡಿ, ದಾರ ಮಾರುತ್ತಿದ್ದ. ಮೊಂಡುಗೈ ನೋಡಿ ಆ ಅಡ್ಡಹೆಸರಿಟ್ಟು ಊರೆಲ್ಲ ನಗಿಸಿದವನು ಇದೇ ಮಾಸ್ಟರ್.

ಮೊಂಡಣ್ಣ ಕುರ್ಚಿ ಎಳೆದುಕೊಂಡು ಕೂತ. ಅಯ್ಯೋ ಪಾಪ ಅನ್ನಲಿಲ್ಲ.

"ನನ್ನ ಬೆರಳು ಹೋದಾಗ ಏನಂದಿದ್ದೆ, ನೆನಪಿದೆಯಾ?"

ಮಾಸ್ಟರ್ ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡ.

"'ಅವನಿಗೆ ಮೈಮೇಲೆ ಎಚ್ಚರ ಇರಲಿಲ್ಲ' ಅಂದೆ. ಎಷ್ಟೋ ವರ್ಷ ನಾನೂ ಅದನ್ನೇ ನಂಬಿದ್ದೆ. ಅವತ್ತು ನಿನಗೆ ಎಚ್ಚರ ಇರಲಿಲ್ವಾ?"

"ಇತ್ತಣ್ಣ. ಪೂರ್ತಿ ಇತ್ತು."

"ಮತ್ತೆ? ಒಂದೇ ಥಾನಿನ ಬಟ್ಟೆ. ಗೆರೆಯ ಈಚೆ ಇದ್ದದ್ದು ಅಂಗಿ, ಆಚೆ ಇದ್ದದ್ದು ಚಿಂದಿ. ಅಂಗಿಯಾದ ಬಟ್ಟೆ ಏನು ಪುಣ್ಯ ಮಾಡಿತ್ತು? ಇಷ್ಟು ವರ್ಷ ನೀನು ಈಚೆ ಇದ್ದೆ, ಎಲ್ಲಾ ನನ್ನ ಹೆಚ್ಚುಗಾರಿಕೆ ಅಂದ್ಕೊಂಡೆ. ಈಗ ಆಚೆ ಬಿದ್ದಿದೀಯ, ಎಲ್ಲಾ ನನ್ನ ತಪ್ಪು ಅಂತ ಗೋಡೆ ನೋಡ್ತಿದೀಯ. ಎರಡೂ ಜಂಬಾನೇ ಕಣೋ."

"ಇದರಿಂದ ನೋವು ಕಡಿಮೆ ಆಗುತ್ತಾ?"

"ಇಲ್ಲ. ನಾಚಿಕೆ ಕಡಿಮೆ ಆಗುತ್ತೆ. ನೋವು ನನಗೆ ಇವತ್ತೂ ಇದೆ. ಇಲ್ಲದ ಬೆರಳೇ ನೋಯುತ್ತೆ."

ಮಾಸ್ಟರ್ ಇತ್ತ ತಿರುಗಿದ. "ಆ ಹೆಸರಿಟ್ಟಿದ್ದು ನಾನೇ ಅಣ್ಣ."

"ಗೊತ್ತು. ಅದಕ್ಕೇ ಬಂದೆ, ಸೇಡು ತೀರಿಸಿಕೊಳ್ಳೋಣ ಅಂತ. ನಿನ್ನ ಮುಖ ನೋಡಿದ್ರೆ ಅದಕ್ಕೂ ಮನಸ್ಸು ಬರ್ತಿಲ್ಲ."

ಸೋಮವಾರ ಮಾಸ್ಟರ್ ಕೆಲಸಕ್ಕೆ ಹೋದ. ಅವನು ಒಳಗೆ ಬರುತ್ತಲೇ ಹೊಲಿಗೆ ಮೆಷಿನ್ನುಗಳು ಒಂದೊಂದಾಗಿ ನಿಂತವು, ಮತ್ತೆ ಅವಸರವಾಗಿ ಶುರುವಾದವು. ಬಾಮೈದ ಎದ್ದು ನಿಂತು, "ಬನ್ನಿ ಭಾವ" ಅಂದ. ಅವನಿಗೆ ಮುಖ ಕೊಟ್ಟು ಮಾತಾಡಲಾಗಲಿಲ್ಲ. ಕತ್ತರಿಸಿದ ತೋಳುಗಳ ಮೊದಲ ಕಟ್ಟು ತಂದು ಮುಂದಿಟ್ಟು ಹೋದ.

ಎಡಗೈಯಲ್ಲಿ ಒಂದು ಚೀಟಿ ಅಂಟಿಸುವಷ್ಟರಲ್ಲಿ ಮಾಸ್ಟರನ ಹಳೆಯ ಚಾಳಿ ತಲೆ ಎತ್ತಿತು. ತಪ್ಪು ಹುಡುಕಿದ. ಮೇಲಿನ ತೋಳನ್ನೂ ಅಡಿಯದನ್ನೂ ಎಳೆದು ಒಂದರ ಮೇಲೊಂದಿಟ್ಟ. ನೂಲಿನಷ್ಟೂ ವ್ಯತ್ಯಾಸವಿರಲಿಲ್ಲ. ಅವನಿಲ್ಲದೆಯೂ ಕೆಲಸ ಕೆಟ್ಟಿರಲಿಲ್ಲ.

ಆ ತೋಳುಗಳನ್ನು ಹಿಡಿದುಕೊಂಡೇ ಎಷ್ಟೋ ಹೊತ್ತು ಕೂತ. ತಾನಿಲ್ಲದಿದ್ದರೆ ಇಲ್ಲಿ ಏನೂ ನಡೆಯದೆಂದು ಇಪ್ಪತ್ತೆರಡು ವರ್ಷ ಹೊತ್ತು ತಿರುಗಿದ ಭಾರ ಹೆಗಲಿಂದ ಇಳಿದಿತ್ತು. ಇಳಿದದ್ದಕ್ಕೇ ಅಳು ಬಂತು. ಅತ್ತು, ಮೂಗೊರೆಸಿಕೊಂಡು, ಎರಡನೆಯ ಚೀಟಿ ಬಿಡಿಸಿದ.